ಪ್ರೇಮಲೀಲಾ ಮೇಡಂಗೆ ಬಿಡುಗಡೆ ಕೊಡುವವರಿಲ್ಲ

ಮೈಸೂರಿನ ನಜರಬಾದಿನಲ್ಲಿ, ಒಂದು ಹಳೇ ಹೆಂಚಿನ ಕಟ್ಟಡದ ಹಿಂಭಾಗದಲ್ಲಿ, ಮೊನ್ನೆ ಮೊನ್ನೆಯವರೆಗೂ ಟೈಪ್‌ರೈಟರ್ ರಿಪೇರಿ ಮಾಡುವ ಸರ್ಕಾರಿ ಕಚೇರಿ ಇತ್ತು. ನಗಬೇಡಿ. ಬೋರ್ಡಿನ ಮೇಲೆ ‘ಬೆರಳಚ್ಚು ಯಂತ್ರಗಳ ನಿರ್ವಹಣಾ ಘಟಕ’ ಅಂತ ನೀಲಿ ಬಣ್ಣದಲ್ಲಿ ಬರೆದು, ಕೆಳಗೆ ‘ಅನುಮತಿ ಇಲ್ಲದೆ ಪ್ರವೇಶವಿಲ್ಲ’ ಅಂತಲೂ ಬರೆದಿತ್ತು, ಜನ ಒಳಗೆ ನುಗ್ಗಲು ಕಾದು ನಿಂತಿದ್ದಾರೇನೋ ಅನ್ನುವ ಹಾಗೆ. ಕೆಟ್ಟ ಟೈಪ್‌ರೈಟರ್ ಅಲ್ಲಿಗೆ ಕೊನೇ ಸಲ ಬಂದು ಹದಿನೈದು ವರ್ಷವಾಗಿತ್ತು. ಆದರೂ ಎಂಟು ಜನ ನೌಕರರು ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆ ಐದೂವರೆಗೆ ಹೋಗುತ್ತಿದ್ದರು. ಪ್ರತಿ ತಿಂಗಳೂ ‘ರಿಪೇರಿಯಾದ ಯಂತ್ರಗಳು: ಇಲ್ಲ’ ಅಂತ ಬೆಂಗಳೂರಿಗೆ ವರದಿ ಹೋಗುತ್ತಿತ್ತು. ಒಂದು ದಿನ ತಡವಾದರೆ ಅಲ್ಲಿಂದ ಜ್ಞಾಪನ ಪತ್ರ ಬರುತ್ತಿತ್ತು.

ಈ ಕಚೇರಿಯ ಜೀವಾಳ ಅಂದರೆ ಸಿಬ್ಬಂದಿ ಶಾಖೆಯ ಪ್ರಥಮ ದರ್ಜೆ ಸಹಾಯಕಿ ಪ್ರೇಮಲೀಲಾ ಮೇಡಂ. ವಯಸ್ಸು ಐವತ್ನಾಲ್ಕು, ಸೇವೆ ಇಪ್ಪತ್ತೊಂಬತ್ತು ವರ್ಷ. ಯಾರ ರಜೆ ಎಷ್ಟು ಉಳಿದಿದೆ, ಯಾರ ಬಡ್ತಿ ಯಾವ ಕಾರಣಕ್ಕೆ ನಿಂತಿದೆ, ಯಾವ ನಿಯಮದ ಯಾವ ಪರಂತುಕ ಯಾರ ಕುತ್ತಿಗೆಗೆ ಬರುತ್ತೆ, ಎಲ್ಲಾ ಆಕೆಯ ನಾಲಗೆ ತುದಿಯಲ್ಲಿ. ಬೇರೆ ಇಲಾಖೆಯವರೂ ಮಧ್ಯಾಹ್ನದ ಊಟದ ಹೊತ್ತಿಗೆ ಬಂದು, ‘ಮೇಡಂ, ಒಂಚೂರು ಸಲಹೆ’ ಅಂತ ನಿಲ್ಲುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ತರಬೇತಿ ಕೊಡಲೂ ಆಕೆಯನ್ನೇ ಕರೆಯುತ್ತಿದ್ದರು.

ಕಾಗದ ಅಂದರೆ ಮೇಡಂಗೆ ಇಷ್ಟೊಂದು ಭಕ್ತಿ ಯಾಕೆ ಅಂದರೆ, ಗಂಡ ಮಹದೇವು. ಆತ ನಂಜನಗೂಡು ರಸ್ತೆಯ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ದುಡಿದವನು. ಒಂದು ಸೋಮವಾರ ಹೋಗಿ ನೋಡಿದರೆ ಗೇಟಿಗೆ ಬೀಗ. ನೋಟಿಸ್ ಇಲ್ಲ, ಆದೇಶ ಇಲ್ಲ, ವಾಚ್‌ಮನ್ ಮಾತ್ರ ಇದ್ದ. ‘ಹೋಗ್ಬುಡಿ ಅಣ್ಣ, ಮುಗೀತು’ ಅಂದ. ಹದಿನೆಂಟು ವರ್ಷ ಕೆಲಸ ಮಾಡಿದ್ದಕ್ಕೆ ಮಹದೇವು ಹತ್ತಿರ ಒಂದು ಚೀಟಿಯೂ ಇರಲಿಲ್ಲ, ಕೇಳಲು ಹೋದರೆ ಯಾರೂ ನಂಬಲೂ ಇಲ್ಲ. ಅಂದಿನಿಂದ ಆತ ಆಟೋ ಓಡಿಸುತ್ತಾನೆ. ಶ್ರೀರಾಂಪುರದ ಆ ಮನೆಗೆ ಮುಂದೆ ಆಧಾರ ಅಂತ ಇರುವುದು ಪ್ರೇಮಲೀಲಾರ ಪಿಂಚಣಿ ಒಂದೇ. ಆ ಪಿಂಚಣಿ ನಿಂತಿರುವುದು ಸೇವೆಯಲ್ಲಿ ಒಂದು ದಿನವೂ ಬಿರುಕು ಬರಬಾರದು ಅನ್ನುವುದರ ಮೇಲೆ.

ಇಂಥಾ ಕಚೇರಿಗೆ ಜೂನ್ ತಿಂಗಳಲ್ಲಿ ಒಂದು ಆದೇಶ ಬಂತು. ಘಟಕವನ್ನು ರದ್ದುಪಡಿಸಿದೆ, ಎಲ್ಲಾ ಎಂಟು ಹುದ್ದೆಗಳು ಹೆಚ್ಚುವರಿ, ನೌಕರರನ್ನು ಬೇರೆ ಬೇರೆ ಇಲಾಖೆಗೆ ಹಂಚಿದೆ. ಮೂವತ್ತನೇ ತಾರೀಕಿನೊಳಗೆ ಇಲ್ಲಿಂದ ಬಿಡುಗಡೆ ಹೊಂದಿ, ಜುಲೈ ಏಳರ ಒಳಗೆ ಹೊಸ ಜಾಗದಲ್ಲಿ ಹಾಜರಾಗಬೇಕು. ತಪ್ಪಿದರೆ ಸೇವೆ ಕಡಿದಂತೆ.

ಸರಿ, ಕಚೇರಿಯೆಲ್ಲಾ ಸೂತಕದ ಮನೆಯಂತಾಯಿತು. ಜವಾನ ಸೂಸೈರಾಜ್ ಟೀ ತರುವುದನ್ನೇ ಮರೆತ. ಆಗ ಮೇಡಂ ಎದ್ದು, ಎಲ್ಲರನ್ನೂ ಹಿಂದಿನ ಮಾವಿನ ಮರದ ಕೆಳಗೆ ಕೂರಿಸಿ, ಒಂದು ಗಂಟೆ ಪಾಠ ಮಾಡಿದರು.

“ಹುದ್ದೆ ಹೋಗುತ್ತೆ, ನೀವು ಹೋಗಲ್ಲ. ಅದನ್ನ ಮೊದಲು ತಲೇಲಿ ಇಟ್ಕೊಳ್ಳಿ. ನಿಮ್ಮ ಸೇವಾ ಪುಸ್ತಕದ ಒಂದೊಂದು ಹಾಳೆಯನ್ನೂ ಇವತ್ತೇ ನೋಡಿ, ನಕಲು ಇಟ್ಕೊಳ್ಳಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಯಾರಾದ್ರೂ ಬಾಯಿಮಾತಲ್ಲಿ ‘ಹೋಗ್ರೀ, ನೋಡ್ಕೋತೀವಿ’ ಅಂದ್ರೆ ಹೋಗಬೇಡಿ. ಬಿಡುಗಡೆ ಆದೇಶ ಕೈಗೆ ಬರಬೇಕು, ಅದರಲ್ಲಿ ತಾರೀಕು ಇರಬೇಕು, ಅಪರಾಹ್ನ ಅಂತ ಇರಬೇಕು, ಸಹಿ ಇರಬೇಕು, ಮೊಹರು ಇರಬೇಕು. ಇದರಲ್ಲಿ ಒಂದು ಇಲ್ಲದಿದ್ರೂ ನೀವು ಬೀದೀಲಿ ನಿಂತ ಹಾಗೇ.”

“ಅಷ್ಟು ದೂರ ಹೋಗುತ್ತಾ ಮೇಡಂ?” ಅಂದ ಸೂಸೈರಾಜ್.

“ನಮ್ಮನೆಯವರನ್ನ ಕೇಳು,” ಅಂದರು ಮೇಡಂ.

ಮುಂದಿನ ಹತ್ತು ದಿನ ಮೇಡಂ ಮನೆ ಮಠ ಮರೆತು ಕೂತರು. ಮೊದಲು ಸೂಸೈರಾಜ್‌ನನ್ನು ಬಿಡುಗಡೆ ಮಾಡಿದರು, ಆಮೇಲೆ ಡ್ರೈವರ್, ಆಮೇಲೆ ಇಬ್ಬರು ದ್ವಿತೀಯ ದರ್ಜೆಯವರು, ಹೀಗೆ ಒಬ್ಬೊಬ್ಬರನ್ನೇ. ಒಬ್ಬೊಬ್ಬರ ಕಡತವೂ ಮದುವೆ ಹೆಣ್ಣಿನ ಹಾಗೆ ಸಿಂಗಾರವಾಗಿ ಹೋಯಿತು. ಮೂವತ್ತನೇ ತಾರೀಕು ಸೋಮವಾರ ಉಳಿದದ್ದು ಇಬ್ಬರೇ: ಕಚೇರಿಯ ಮುಖ್ಯಸ್ಥ, ಸಹಾಯಕ ನಿರ್ದೇಶಕ ದಿಲೀಪ್ ಸಾಹೇಬರು, ಮತ್ತೆ ಮೇಡಂ.

ಸಿಬ್ಬಂದಿ ಶಾಖೆಯಲ್ಲಿ ಕೂತವರಿಗೆ ಒಂದು ಚಾಳಿ ಇರುತ್ತೆ ನೋಡಿ. ತಮ್ಮ ಸ್ವಂತ ಕಾಗದವನ್ನು ಕಟ್ಟಿನ ಕೊನೆಗೆ ಇಡುತ್ತಾರೆ. ಮೇಲೆ ಇಟ್ಟರೆ ಸ್ವಾರ್ಥಿ ಅಂದಾರು ಅನ್ನುವ ಸಂಕೋಚ. ಮೇಡಂ ಹಾಗೇ ಮಾಡಿದರು. ಸಾಹೇಬರ ಚಾರ್ಜು ಪತ್ರ ಮೇಲೆ, ತಮ್ಮ ಬಿಡುಗಡೆ ಆದೇಶ ಅಡಿಯಲ್ಲಿ. ಸಾಹೇಬರಿಗೆ ಹಂಚಿದ್ದ ಹೊಸ ಜಾಗ ಬೀದರ್, ಸಂಜೆಗೆ ರೈಲು. ಅವರು ಮೇಲಿನ ಕಾಗದಕ್ಕೆ ‘ಕಚೇರಿಯ ಪೂರ್ಣ ಪ್ರಭಾರವನ್ನು ಶ್ರೀಮತಿ ಪ್ರೇಮಲೀಲಾ ಅವರಿಗೆ ವಹಿಸಿದ್ದೇನೆ, ಸಮಯ ಮಧ್ಯಾಹ್ನ ಒಂದೂವರೆ’ ಅಂತ ಸಹಿ ಹಾಕಿದರು. ‘ವಹಿಸಿಕೊಂಡಿದ್ದೇನೆ’ ಅಂತ ಮೇಡಂ ಸಹಿ ಹಾಕಿದರು. ಸಾಹೇಬರು ಹಾಳೆ ತಿರುವಿ, ಮೇಡಂ ಬಿಡುಗಡೆ ಆದೇಶದ ಮೇಲೆ ಪೆನ್ನು ಇಟ್ಟರು.

ಮೇಡಂ ಆ ಪೆನ್ನನ್ನು ಕಸಿದುಕೊಂಡರು.

“ಸಾರ್, ಆಗಲ್ಲ. ಒಂದೂವರೆಗೆ ನೀವು ಚಾರ್ಜು ಕೊಟ್ಟಾಯ್ತು. ಈಗ ಒಂದು ಮೂವತ್ತೆರಡು. ಈಗ ಮುಖ್ಯಸ್ಥೆ ನಾನು.”

ಸಾಹೇಬರು ಗೋಡೆ ಗಡಿಯಾರ ನೋಡಿದರು. “ಎರಡು ನಿಮಿಷ ಅಲ್ವೇನ್ರೀ. ಯಾರು ನೋಡ್ತಾರೆ?”

“ನಾನು ನೋಡ್ತಿದೀನಲ್ಲ ಸಾರ್.”

“ಹಂಗಾದ್ರೆ ನಿಮ್ಮನ್ನ ಯಾರು ಬಿಡುಗಡೆ ಮಾಡ್ತಾರೆ?”

ಆ ಪ್ರಶ್ನೆ ಬಂದ ಕ್ಷಣದಲ್ಲೇ ಮೇಡಂಗೆ ತಮ್ಮ ತಪ್ಪು ಹೊಳೆಯಿತು. ಎಂಟು ಜನರ ಕಾಗದ ಮಾಡಿದ ಆಕೆ, ಎಂಟನೆಯವಳ ಕಾಗದಕ್ಕೆ ಸಹಿ ಹಾಕುವ ಕೈಯನ್ನೇ ರೈಲು ಹತ್ತಿಸಿಬಿಟ್ಟಿದ್ದರು. ಸಾಹೇಬರು ಪಾಪ, ‘ಏನಾದ್ರೂ ಮಾಡ್ಕೊಳ್ಳಿ, ಫೋನ್ ಮಾಡಿ’ ಅಂತ ಹೊರಟುಹೋದರು.

ಮಂಗಳವಾರ ಬೆಳಿಗ್ಗೆ ಮಹದೇವು ಆಕೆಯನ್ನು ಆಟೋದಲ್ಲಿ ವಿಜಯನಗರಕ್ಕೆ ಕರೆದುಕೊಂಡು ಹೋದ. ಆಕೆಗೆ ಹಂಚಿದ್ದ ಹೊಸ ಕಚೇರಿ ಅಲ್ಲಿ, ರಿಂಗ್ ರಸ್ತೆ ಪಕ್ಕದ ಹೊಸ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಸಿಬ್ಬಂದಿ ಶಾಖೆಯಲ್ಲಿ ದಿವ್ಯ ಅನ್ನುವ ಹುಡುಗಿ ಕೂತಿದ್ದಳು. ಮೇಡಂ ಕಂಡ ತಕ್ಷಣ ಎದ್ದು ನಿಂತಳು. ತರಬೇತಿಯಲ್ಲಿ ಇವರ ಕೈಕೆಳಗೇ ಪಾಠ ಕಲಿತವಳು.

ಮೇಡಂ ವಿಷಯ ಹೇಳಿದರು. ದಿವ್ಯ ಮುಖ ಸಣ್ಣದಾಯಿತು.

“ಬಿಡುಗಡೆ ಆದೇಶ ಇಲ್ಲದೆ ಸೇರಿಸ್ಕೊಳ್ಳೋಕೆ ಆಗಲ್ಲ ಮೇಡಂ. ಕಣ್ಣೀರು ಹಾಕ್ಕೊಂಡು ಬಂದರೂ ಸೇರಿಸ್ಕೋಬೇಡಿ ಅಂತ ನೀವೇ ಹೇಳಿದ್ರಿ. ನಾನು ಬರ್ಕೊಂಡಿದೀನಿ.” ಅವಳು ಡ್ರಾಯರ್‌ನಿಂದ ನೋಟ್‌ಬುಕ್ಕನ್ನೂ ತೆಗೆದಳು.

“ತೋರಿಸಬೇಡಮ್ಮ. ನೀನು ಸರಿಯಾಗೇ ಹೇಳ್ತಿದೀಯ,” ಅಂದರು ಮೇಡಂ. ಅವಳ ಮೇಲೆ ಅವರಿಗೆ ಹೆಮ್ಮೆಯೂ ಆಯಿತು, ಕೋಪವೂ ಬಂತು.

ಬೆಂಗಳೂರಿನ ಮುಖ್ಯ ಕಚೇರಿಗೆ ಫೋನ್ ಮಾಡಿದರೆ, ಎತ್ತಿದವನು, ‘ನಮ್ಮ ಶಾಖೆನೂ ನಿನ್ನೆಗೆ ರದ್ದಾಯ್ತು ಮೇಡಂ, ನಾನು ಫ್ಯಾನ್ ಆರಿಸೋಕೆ ಬಂದಿದ್ದೆ’ ಅಂದ. ‘ಇಲ್ಲದ ಕಚೇರಿಯಿಂದ ಬಿಡುಗಡೆ ಯಾಕೆ ಬೇಕು?’ ಅಂತಲೂ ಕೇಳಿದ. ಬೀದರ್‌ನಿಂದ ದಿಲೀಪ್ ಸಾಹೇಬರು, ‘ಮೂವತ್ತನೇ ತಾರೀಕು ಹಾಕಿ ಸಹಿ ಮಾಡಿ ವಾಟ್ಸ್‌ಆಪ್‌ನಲ್ಲಿ ಕಳಿಸ್ತೀನಿ ಬಿಡ್ರಿ’ ಅಂದರು. ಮೇಡಂ ಫೋನಿನಲ್ಲೇ ಕಿವಿ ಮುಚ್ಚಿಕೊಂಡರು. ಹಿಂದಿನ ತಾರೀಕು ಹಾಕಿದ ಕಾಗದ ಹಿಡಿದು ಪಿಂಚಣಿ ಪಡೆಯುವುದಕ್ಕಿಂತ ಹಪ್ಪಳ ಮಾರುವುದು ವಾಸಿ ಅಂತ ಮಹದೇವುಗೆ ಹೇಳಿದರು.

“ಅಂಗಾದ್ರೆ ಈಗ ಏನ್ ಮಾಡ್ತೀಯ ಅಮ್ಮಿ?” ಅಂದ ಮಹದೇವು.

“ಆಫೀಸಿಗೆ ಹೋಗ್ತೀನಿ. ನಾಳೆ ಯಾರಾದ್ರೂ ಈ ಒಂದು ವಾರ ಎಲ್ಲಿದ್ದೆ ಅಂದ್ರೆ ಹಾಜರಾತಿ ತೋರಿಸೋಕೆ ಬೇಕಲ್ರೀ.”

ಹೀಗೆ ಮೈಸೂರಿನಲ್ಲಿ ಇಲ್ಲದ ಕಚೇರಿಯೊಂದು ಅವತ್ತೇ ಮಧ್ಯಾಹ್ನದೊಳಗೆ ಬಾಗಿಲು ತೆರೆಯಿತು. ಕಂಪ್ಯೂಟರನ್ನು ಆಗಲೇ ಹೊತ್ತುಕೊಂಡು ಹೋಗಿದ್ದರು, ಕರೆಂಟು ತೆಗೆದಿದ್ದರು. ನಲವತ್ತಮೂರು ಹಳೇ ಟೈಪ್‌ರೈಟರ್‌ಗಳು ಬೀರುಗಳ ಮೇಲೆ ಧೂಳು ಹೊದ್ದು ಕೂತಿದ್ದವು. ಮೇಡಂ ಹಾಜರಾತಿ ಪುಸ್ತಕದಲ್ಲಿ ಸಹಿ ಹಾಕಿದರು. ಆಮೇಲೆ ಸಾಹೇಬರ ಕೋಣೆಗೆ ಹೋಗಿ, ಮುಖ್ಯಸ್ಥೆಯಾಗಿ, ಅವತ್ತಿನ ಹಾಜರಿ ಮುಗಿಯಿತು ಅಂತ ಅದರ ಕೆಳಗೆ ಹಸಿರು ಶಾಯಿಯಲ್ಲಿ ಅಡ್ಡಗೆರೆ ಎಳೆದರು.

ಬುಧವಾರ ತಮ್ಮ ಹಳೇ ಕುರ್ಚಿಯಲ್ಲಿ ಕೂತು ಟಿಪ್ಪಣಿ ಬರೆದರು: ‘ಶ್ರೀಮತಿ ಪ್ರೇಮಲೀಲಾ, ಪ್ರಥಮ ದರ್ಜೆ ಸಹಾಯಕಿ, ಇವರನ್ನು ಬಿಡುಗಡೆ ಮಾಡಬಹುದು. ಆದೇಶಕ್ಕಾಗಿ ಮಂಡಿಸಿದೆ.’ ಕಡತವನ್ನು ಎದೆಗವಚಿಕೊಂಡು ಸಾಹೇಬರ ಕೋಣೆಗೆ ಒಯ್ದು, ಮೇಜಿನ ಎಡಕ್ಕಿಟ್ಟು, ಸುತ್ತಿ ಬಂದು ದೊಡ್ಡ ಕುರ್ಚಿಯಲ್ಲಿ ಕೂತರು. ಆ ಕುರ್ಚಿಯಲ್ಲಿ ಕೂತ ತಕ್ಷಣ ಮೇಡಂಗೆ ಆ ಟಿಪ್ಪಣಿ ಸರಿಯಿಲ್ಲ ಅನ್ನಿಸಿತು. ಬಿಡುಗಡೆ ಮಾಡಿದರೆ ಪ್ರಭಾರ ಯಾರಿಗೆ? ಅದನ್ನೇ ಬರೆದಿಲ್ಲ. ಹಸಿರು ಶಾಯಿಯಲ್ಲಿ ‘ಚರ್ಚಿಸಿ’ ಅಂತ ಬರೆದರು.

ಬಾಗಿಲಲ್ಲಿ ಬೀಡಾ ಅಗಿಯುತ್ತಾ ನಿಂತಿದ್ದ ಮಹದೇವುವಿನ ಬಾಯಿ ತೆರೆದಂತೇ ನಿಂತಿತು. “ಯಾರ ಜೊತೆ ಚರ್ಚೆ ಮಾಡ್ತೀಯ?”

“ಟಿಪ್ಪಣಿ ಬರೆದ ವಿಷಯ ನಿರ್ವಾಹಕರ ಜೊತೆ,” ಅಂದು ಮೇಡಂ ಎದ್ದು ಈಚೆ ಬಂದು, ಮೇಜಿನ ಮುಂದೆ ಕೈಕಟ್ಟಿ ನಿಂತರು. ಖಾಲಿ ಕುರ್ಚಿಯ ಕಡೆ ನೋಡುತ್ತಾ ಐದು ನಿಮಿಷ ನಿಂತೇ ಇದ್ದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾವ ಸಾಹೇಬರ ಮುಂದೆಯೂ ಅವರಿಗೆ ಇಷ್ಟು ಭಯವಾಗಿರಲಿಲ್ಲವಂತೆ. ಆ ಕುರ್ಚಿಯಲ್ಲಿ ಕೂತವಳು ಎಂಥಾ ಕಟುಕಿ ಅಂತ ಗೊತ್ತಿದ್ದದ್ದು ಅವರೊಬ್ಬರಿಗೇ.

ಗುರುವಾರ ಕಡತ ಮತ್ತೆ ಹೋಯಿತು, ಮತ್ತೆ ವಾಪಸು ಬಂತು. ಶುಕ್ರವಾರ ಆಷಾಢದ ಶುಕ್ರವಾರ. ಚಾಮುಂಡಿ ಬೆಟ್ಟಕ್ಕೆ ಊರಿಗೆ ಊರೇ ಹೊರಟಿತ್ತು. ಮಹದೇವುಗೆ ವರ್ಷದಲ್ಲೇ ದೊಡ್ಡ ಬಾಡಿಗೆ ಸಿಗುವ ದಿನ. ಆತ ಅದನ್ನೂ ಬಿಟ್ಟು ಹೆಂಡತಿಯನ್ನು ಮತ್ತೊಮ್ಮೆ ವಿಜಯನಗರಕ್ಕೆ ಕರೆದೊಯ್ದ. ಹೊಸ ಕಚೇರಿಯ ಸಾಹೇಬರು ಬೆಟ್ಟ ಹತ್ತಲು ಹೋಗಿದ್ದರು. ದಿವ್ಯ ಮಾತ್ರ ಇದ್ದಳು. ‘ಸೋಮವಾರ ಕೊನೇ ದಿನ ಮೇಡಂ’ ಅಂದಳು, ಅವರಿಗೆ ಗೊತ್ತಿಲ್ಲವೇನೋ ಅನ್ನುವ ಹಾಗೆ.

ವಾಪಸು ಬರುವಾಗ ಆಟೋದಲ್ಲಿ ಮೇಡಂ ಅತ್ತರು. ಸದ್ದಿಲ್ಲದೆ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಮಹದೇವು ಕನ್ನಡಿಯಲ್ಲಿ ನೋಡಿದ.

“ನಾನಿಲ್ವಾ, ಆಟೋ ಓಡ್ತಾ ಇಲ್ವಾ?”

“ನಿಮಗೆ ಅರವತ್ತಾಗ್ತಾ ಬಂತು. ಎಷ್ಟು ದಿನ ಓಡಿಸ್ತೀರಿ?” ಅಂದರು ಮೇಡಂ. ಮಹದೇವು ಹಾರ್ನ್ ಹೊಡೆದ.

ಶನಿವಾರ ಸಂಜೆ ಐದಕ್ಕೆ ಮೇಡಂ ಹಾಜರಾತಿ ಪುಸ್ತಕ ಮುಚ್ಚುವ ಮುಂಚೆ, ದಿನಾ ಮಾಡುವ ಹಾಗೆ ಕೊನೆಯ ಸಾಲಿನಲ್ಲಿ ಕೆಂಪು ಶಾಯಿಯಿಂದ ‘ಗೈರು’ ಅಂತ ಬರೆದರು. ಬರೆದು ಪೆನ್ನಿಗೆ ಕ್ಯಾಪ್ ಹಾಕಿದರು. ಆಮೇಲೆ ಮತ್ತೆ ಪುಸ್ತಕ ತೆಗೆದು ಆ ಸಾಲನ್ನು ನೋಡಿದರು. ‘ಜಾನ್ಸನ್, ಮೆಕ್ಯಾನಿಕ್.’

ಇವನೊಬ್ಬ ಒಂಬತ್ತನೆಯವನು. ಹದಿನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟಕ್ಕೆ ಅಂತ ಹೋದವನು ಬರಲೇ ಇಲ್ಲ. ಅಂದಿನಿಂದ ಆತನಿಗೆ ಸಂಬಳ ಇಲ್ಲ, ಆದರೆ ಹೆಸರು ಇದೆ. ಆತನನ್ನು ವಜಾ ಮಾಡಿಸಬೇಕು ಅಂತ ಮೇಡಂ ಹದಿನಾಲ್ಕು ವರ್ಷದಿಂದ ಹಟ ಹಿಡಿದು, ತಿಂಗಳಿಗೊಂದು ನೋಟಿಸ್ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದರು. ವಿಚಾರಣಾಧಿಕಾರಿಯನ್ನು ನೇಮಿಸಿ ಅಂತ ಬೆಂಗಳೂರಿಗೆ ಬರೆದರೆ ಉತ್ತರ ಬರುತ್ತಿರಲಿಲ್ಲ. ಇಲ್ಲದವನ ಹೆಸರು ಹೆಚ್ಚುವರಿ ಪಟ್ಟಿಯಲ್ಲೂ ಬರಲಿಲ್ಲ. ಬರಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಆತ ಅಮಾನತಾಗಿರಲಿಲ್ಲ, ವಜಾ ಆಗಿರಲಿಲ್ಲ, ರಾಜೀನಾಮೆ ಅಂಗೀಕಾರವಾಗಿರಲಿಲ್ಲ. ಯಾವತ್ತು ಬಂದು ಸಹಿ ಹಾಕಿದರೂ ಅವತ್ತಿನಿಂದ ಕರ್ತವ್ಯದ ಮೇಲೆ. ಪ್ರಭಾರ ವಹಿಸಿಕೊಳ್ಳಬಹುದು. ಬಿಡುಗಡೆಗೆ ಸಹಿ ಹಾಕಬಹುದು. ಮೇಡಂ ಆ ಸಾಲಿನ ಮೇಲೆ ಬೆರಳಿಟ್ಟರು. ತಮ್ಮ ಹಟ ಒಂದು ಸಲವಾದರೂ ಗೆದ್ದಿದ್ದರೆ ಇವತ್ತು ತಮಗೆ ಗತಿ ಇರುತ್ತಿರಲಿಲ್ಲ ಅನ್ನುವುದು ಅವರಿಗೆ ಆ ಕ್ಷಣದಲ್ಲೇ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಉದಯಗಿರಿಗೆ ಹೋದರು. ವಿಳಾಸ ಮೇಡಂಗೆ ಬಾಯಿಪಾಠ. ಎಷ್ಟು ಲಕೋಟೆಯ ಮೇಲೆ ಬರೆದಿಲ್ಲ ಅದನ್ನ. ಗ್ಯಾರೇಜು, ಗುಜರಿ ಅಂಗಡಿಗಳ ನಡುವೆ ‘ಜಾನ್ಸನ್ ಮಿಕ್ಸಿ, ಗ್ರೈಂಡರ್ ರಿಪೇರಿ’ ಅಂತ ಒಂದು ಬೋರ್ಡು. ಅದರ ಹಿಂದೆ ಎರಡು ಕೋಣೆಯ ಮನೆ. ಬಾಗಿಲಲ್ಲಿ ಎಂಬತ್ತು ದಾಟಿದ ಅಜ್ಜಿ, ಚರ್ಚಿನಿಂದ ಬಂದ ಬಿಳಿ ಸೀರೆಯಲ್ಲೇ ಕೂತಿದ್ದರು. ಜಾನ್ಸನ್‌ನ ತಾಯಿ, ಏಂಜೆಲಿನ್ ಅಮ್ಮ.

“ಎಲ್ಲಿಂದ ಬಂದ್ರಿ ತಾಯಿ?”

“ಆಫೀಸಿಂದ,” ಅಂದರು ಮೇಡಂ.

ಅಜ್ಜಿ ಮುಖ ಅರಳಿತು. ಮೇಡಂ ಕೈ ಹಿಡಿದು ಒಳಗೆ ಕೂರಿಸಿ, ಗೋಡೆಯ ಬೀರುವಿನಿಂದ ಒಂದು ತಗಡಿನ ಪೆಟ್ಟಿಗೆ ತೆಗೆದರು. ಅದರ ತುಂಬಾ ಸರ್ಕಾರಿ ಲಕೋಟೆ, ವರ್ಷದ ಪ್ರಕಾರ ದಾರ ಕಟ್ಟಿ ಜೋಡಿಸಿಟ್ಟದ್ದು. “ನೋಡಿ ತಾಯಿ, ಒಂದು ತಿಂಗಳು ತಪ್ಪಿದ್ದಿಲ್ಲ. ಅಂಚೆಯವರು ಸಹಿ ಮಾಡಿಸ್ಕೊಂಡು ಕೊಡ್ತಾರೆ. ಬೀದಿಯವರಿಗೆಲ್ಲಾ ತೋರಿಸ್ತೀನಿ. ನನ್ನ ಮಗನಿಗೆ ಮಿಕ್ಸಿ ರಿಪೇರಿ ಬರೀ ಕೈಚಳಕ, ಕೆಲಸ ಗೌರ್ಮೆಂಟಿಂದು.”

ಮೇಡಂ ಒಂದು ಲಕೋಟೆ ತೆಗೆದು ನೋಡಿದರು. ‘ನಿಮ್ಮನ್ನು ಸೇವೆಯಿಂದ ಏಕೆ ವಜಾ ಮಾಡಬಾರದು ಎಂಬುದಕ್ಕೆ ಕಾರಣ ತಿಳಿಸಿ.’ ತಮ್ಮದೇ ಅಕ್ಷರ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಮೇಡಂ ಅದನ್ನು ಮಡಿಸಿ, ದಾರ ಮೊದಲಿನ ಹಾಗೇ ಕಟ್ಟಿ, ಪೆಟ್ಟಿಗೆಗೆ ಇಟ್ಟರು.

ಅಂಗಡಿಯಿಂದ ಕೈ ಒರೆಸಿಕೊಳ್ಳುತ್ತಾ ಬಂದ ಜಾನ್ಸನ್ ಮೇಡಂ ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಹಣೆ ಮೇಲೆ ಕೂದಲು ಉದುರಿತ್ತು. ವಿಷಯ ಕೇಳಿದ ಮೇಲೆ ನಗಲು ಶುರುಮಾಡಿದ, ಮೇಡಂ ಮುಖ ನೋಡಿ ನಿಲ್ಲಿಸಿದ.

“ಬರ್ತೀನಿ ಮೇಡಂ. ಹತ್ತು ಗಂಟೆಗಲ್ವಾ?”

ಸೋಮವಾರ ಜುಲೈ ಏಳು, ಹತ್ತಕ್ಕೆ ಐದು ನಿಮಿಷ ಇರುವಾಗಲೇ ಜಾನ್ಸನ್ ಬಂದು ಸಹಿ ಹಾಕಿದ. ಹದಿನಾಲ್ಕು ವರ್ಷದ ಕೆಂಪು ಸಾಲಿನ ಕೊನೆಯಲ್ಲಿ ಒಂದು ನೀಲಿ ಸಹಿ. ಬಿಡುಗಡೆ ಅಪರಾಹ್ನವೇ ಆಗಬೇಕು ಅಂತ ಮೇಡಂ ಹಟ. ಅಲ್ಲಿಯವರೆಗೆ ಮಾಡಲು ಕೆಲಸವಿಲ್ಲದೆ ಜಾನ್ಸನ್ ಒಂದು ಕನ್ನಡ ಟೈಪ್‌ರೈಟರ್ ಇಳಿಸಿ, ಧೂಳು ಊದಿ, ಜೇಬಿನ ಸ್ಕ್ರೂಡ್ರೈವರ್‌ನಿಂದ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ಕೂರಿಸಿದ. ಹನ್ನೆರಡೂವರೆಗೆ ಅದು ಟಕಟಕ ಅಂದಿತು. ಕರೆಂಟು, ಕಂಪ್ಯೂಟರ್ ಏನೂ ಇಲ್ಲದ ಕಚೇರಿಯಲ್ಲಿ ಮೇಡಂ ಬಿಡುಗಡೆ ಆದೇಶ ಅದರಲ್ಲೇ ಟೈಪಾಯಿತು.

ಗಂಟೆ ಎರಡಾಯಿತು. ಕಾಗದ, ಮೊಹರು, ಬೀಗದ ಕೈ ಎಲ್ಲಾ ಮೇಜಿನ ಮೇಲೆ. ಜಾನ್ಸನ್ ಪೆನ್ನು ತೆಗೆದ.

“ನಿಲ್ಲು,” ಅಂದರು ಮೇಡಂ. “ಸಹಿ ಹಾಕೋ ಮುಂಚೆ ತಿಳ್ಕೋ. ಇದಕ್ಕೆ ಸಹಿ ಬಿದ್ದ ಮೇಲೆ ಈ ನಲವತ್ತಮೂರು ಮಿಷನ್ನು, ಬೀರು, ಕುರ್ಚಿ ಎಲ್ಲಾ ನಿನ್ನ ತಲೆ ಮೇಲೆ. ಒಂದು ಕಳೆದರೂ ನಿನ್ನನ್ನೇ ಕೇಳ್ತಾರೆ. ನಿನ್ನ ಬಿಡುಗಡೆ ಮಾಡೋಕೆ ಯಾರೂ ಇರಲ್ಲ. ನಾನು ಬಿದ್ದ ಹಳ್ಳಕ್ಕೆ ನಿನ್ನ ಇಳಿಸಿ ನಾನು ಮೇಲೆ ಬರ್ತಿದೀನಿ. ಬೇಡ ಅನ್ನು, ನಾನು ಏನೂ ಅಂದ್ಕೊಳ್ಳಲ್ಲ.”

ಬೇಡ ಅಂದುಬಿಟ್ಟರೆ ಅನ್ನುವ ಹೆದರಿಕೆ ಅವರಿಗೆ ಇದ್ದೇ ಇತ್ತು. ಆದರೂ ಹೇಳದೆ ಇರುವುದು ಆಕೆಯಿಂದ ಆಗುವ ಕೆಲಸವಲ್ಲ.

“ನನ್ನದೊಂದು ಪ್ರಶ್ನೆ ಮೇಡಂ,” ಅಂದ ಜಾನ್ಸನ್. “ಮೊದಲನೇ ನೋಟಿಸ್‌ಗೆ ನಾನು ಸಮಜಾಯಿಷಿ ಬರೆದಿದ್ದೆ. ಓದಿದ್ರಾ?”

ಮೇಡಂ ಓದಿದ್ದರು. ‘ಕೆಲಸಕ್ಕೆ ಬಂದರೆ ಕೆಲಸ ಇರುವುದಿಲ್ಲ. ಸುಮ್ಮನೆ ಕೂತು ನನ್ನ ಕೈ ಮರೆಯುತ್ತಿದೆ. ಆದ್ದರಿಂದ ಬರಲಿಲ್ಲ. ದಯಮಾಡಿ ನನ್ನನ್ನು ಬಿಡುಗಡೆ ಮಾಡಿ.’ ಅದರ ಕೆಳಗೆ ಆಕೆ ಬರೆದಿದ್ದ ಸಾಲೂ ನೆನಪಿತ್ತು: ‘ಸಮಜಾಯಿಷಿ ಒಪ್ಪತಕ್ಕದ್ದಲ್ಲ.’

“ಓದಿದ್ದೆ,” ಅಂದರು.

“ಸುಳ್ಳು ಅನ್ನಿಸ್ತಾ?”

ಮೇಡಂ ತಲೆ ಎತ್ತಲಿಲ್ಲ. ಜಾನ್ಸನ್ ಚಾರ್ಜು ಪತ್ರಕ್ಕೂ ಬಿಡುಗಡೆ ಆದೇಶಕ್ಕೂ ಸಹಿ ಹಾಕಿ, ಮೊಹರು ಒತ್ತಿ, ಊದಿ ಒಣಗಿಸಿ ಕೈಗೆ ಕೊಟ್ಟ. “ಹೊರಡಿ ಮೇಡಂ. ಹೊತ್ತಾಗುತ್ತೆ.”

ವಿಜಯನಗರ ತಲುಪಿದಾಗ ನಾಲ್ಕು ಗಂಟೆ. ಮೇಡಂ ಚೀಲದಲ್ಲಿ ಎರಡು ಕಡತ. ಒಂದು ತಮ್ಮದು, ಇನ್ನೊಂದು ಜಾನ್ಸನ್‌ದು; ಘಟಕದ ಬಾಕಿ ಪ್ರಕರಣಗಳನ್ನು ಹೊಸ ಕಚೇರಿಗೇ ಒಪ್ಪಿಸಬೇಕು ಅಂತ ಆದೇಶದಲ್ಲಿತ್ತು, ಬಾಕಿ ಅಂತ ಇದ್ದದ್ದು ಅದೊಂದೇ. ದಿವ್ಯ ಬಿಡುಗಡೆ ಆದೇಶವನ್ನು ತಿರುಗಿಸಿ ಮುರುಗಿಸಿ ನೋಡಿ, ತೃಪ್ತಿಯಿಂದ ಸ್ವೀಕೃತಿ ಹಾಕಿದಳು. ಆಮೇಲೆ ತಲೆ ತಗ್ಗಿಸಿಕೊಂಡು ಇನ್ನೊಂದು ಕಾಗದ ಮುಂದೆ ಸರಿಸಿದಳು.

“ತಪ್ಪು ತಿಳ್ಕೋಬೇಡಿ ಮೇಡಂ. ಘಟಕ ರದ್ದಾದ ದಿನವೇ ಕಂಪ್ಯೂಟರ್ ನಿಮ್ಮ ಹೆಸರನ್ನ ತಾನಾಗೇ ಇಲ್ಲಿಗೆ ತಗೊಂಡ್ಬುಟ್ಟಿದೆ. ಅದರ ಪ್ರ‍ಕಾರ ನೀವು ಒಂದನೇ ತಾರೀಕಿಂದ ನಮ್ಮಲ್ಲಿದೀರ. ಐದು ದಿನ ಬಂದಿಲ್ಲ.”

“ಬಂದಿದ್ದೆ. ನೀನೇ ಸೇರಿಸ್ಕೊಳ್ಳಲಿಲ್ಲ.”

“ಹೌದು ಮೇಡಂ. ಆದೇಶ ಇಲ್ಲದೆ ಸೇರಿಸ್ಕೊಳ್ಳೋ ಹಾಗಿಲ್ಲ. ಕಂಪ್ಯೂಟರ್ ಸೇರಿಸ್ಕೊಂಡ ಮೇಲೆ ಬಿಡೋ ಹಾಗೂ ಇಲ್ಲ.”

ಅದು ಕಾರಣ ಕೇಳಿದ ನೋಟಿಸ್. ಅನಧಿಕೃತ ಗೈರುಹಾಜರಿ, ಸೇವೆಯನ್ನು ಏಕೆ ಕಡಿದಂತೆ ಪರಿಗಣಿಸಬಾರದು, ಇತ್ಯಾದಿ. ಇಪ್ಪತ್ತೊಂಬತ್ತು ವರ್ಷದಲ್ಲಿ ಮೇಡಂ ಕೈಗೆ ಬಂದ ಮೊದಲ ನೋಟಿಸ್. ಒಕ್ಕಣೆ ಕೂಡ ಅವರು ತರಬೇತಿಯಲ್ಲಿ ಬರೆಸಿದ್ದೇ. ಅವರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು.

“ಸಮಜಾಯಿಷಿ ಇವತ್ತೇ ಕೊಟ್ಬುಡಿ ಮೇಡಂ,” ಅಂದಳು ದಿವ್ಯ. “ಅದು ಒಪ್ಪಬಹುದೋ ಇಲ್ವೋ ಅಂತ ಟಿಪ್ಪಣಿ ಬರೆದ್ರೆ ಸಾಹೇಬರು ಸಹಿ ಹಾಕ್ತಾರೆ. ಆದ್ರೆ ಸಿಬ್ಬಂದಿ ಶಾಖೆಯ ಟಿಪ್ಪಣಿ ಬರಿಯೋದು ಇವತ್ತಿಂದ ನೀವೇ.”

ಮೇಡಂ ಹಾಳೆ ತೆಗೆದುಕೊಂಡು ಬರೆದರು: ‘ಐದೂ ದಿನ ನಾನು ರದ್ದಾದ ಕಚೇರಿಯಲ್ಲಿ ತಪ್ಪದೆ ಹಾಜರಿದ್ದೆ. ಆದ್ದರಿಂದ ಇಲ್ಲಿ ಕರ್ತವ್ಯಕ್ಕೆ ಸೇರಲಾಗಲಿಲ್ಲ.’ ಓದಿದರೆ ಹುಚ್ಚಿ ಬರೆದ ಹಾಗಿತ್ತು. ಆದರೆ ಒಂದಕ್ಷರ ಸುಳ್ಳಿರಲಿಲ್ಲ. ಅದರ ಕೆಳಗೆ ಟಿಪ್ಪಣಿ ಬರೆಯಲು ಪೆನ್ನು ಇಟ್ಟರು. ‘ಸಮಜಾಯಿಷಿ ಒಪ್ಪ’ ಅಂತ ಬರೆದು ಕೈ ನಿಂತುಬಿಟ್ಟಿತು.

ಇಷ್ಟು ವರ್ಷ ಇದೇ ಕೈ ಯಾರದ್ದನ್ನೂ ಒಪ್ಪಿರಲಿಲ್ಲ. ಬಸ್ಸು ಕೆಟ್ಟವರದ್ದು, ಮಗುವಿಗೆ ಜ್ವರ ಬಂದವರದ್ದು, ಯಾರದ್ದೂ. ಇವತ್ತು ತನ್ನದೊಂದನ್ನು ಮಾತ್ರ ಒಪ್ಪಿ ಪಿಂಚಣಿ ಉಳಿಸಿಕೊಳ್ಳುವುದೇ? ಮೇಡಂಗೆ ನಾಚಿಕೆಯಾಯಿತು, ಮುಖ ಬಿಸಿಯಾಗುವಷ್ಟು ನಾಚಿಕೆ. ಜಾನ್ಸನ್‌ನ ಕಡತ ಬಿಚ್ಚಿದರು. ಹಳದಿಯಾಗಿದ್ದ ಆ ಹಾಳೆಯನ್ನು ಮತ್ತೊಮ್ಮೆ ಓದಿ, ಹೊಸ ಟಿಪ್ಪಣಿ ಬರೆದರು. ಸಮಜಾಯಿಷಿ ಸತ್ಯವಾದದ್ದು, ಒಪ್ಪಬಹುದು. ಇವತ್ತಿನ ಸಂಜೆಯಿಂದ ಕೋರಿಕೆಯಂತೆ ಬಿಡುಗಡೆ ಮಾಡಬಹುದು. ಆತನ ವಶದಲ್ಲಿರುವ ನಲವತ್ತಮೂರು ಯಂತ್ರಗಳನ್ನು ಈ ಕಚೇರಿಯೇ ವಹಿಸಿಕೊಳ್ಳಬಹುದು. ಆಮೇಲೆ ತಮ್ಮ ವಾಕ್ಯವನ್ನೂ ಪೂರ್ತಿ ಮಾಡಿದರು.

ದಿವ್ಯ ಎರಡನ್ನೂ ಓದಿದಳು. “ಇದು ಹದಿನಾಲ್ಕು ವರ್ಷದ ಹಿಂದಿಂದಲ್ವಾ ಮೇಡಂ? ಈಗ ಒಪ್ಪಿ ಏನ್ ಪ್ರಯೋಜನ?”

“ಆಗಲೇ ಒಪ್ಪಬೇಕಿತ್ತು ಕಣಮ್ಮ. ನಾನು ಒಪ್ಪಲಿಲ್ಲ,” ಅಂದರು ಮೇಡಂ.

ಐದೂ ಕಾಲಿಗೆ ಸಾಹೇಬರು ಕಾರಿನ ಕೀಲಿ ಹಿಡಿದುಕೊಂಡೇ ಬಂದು, ಎರಡು ಕಡತಕ್ಕೂ ಓದದೆ ಸಹಿ ಹಾಕಿ ಹೋದರು. ಇಪ್ಪತ್ತೊಂಬತ್ತು ವರ್ಷ ಬಿರುಕಿಲ್ಲದೆ ಉಳಿಯಿತು. ಕೆಳಗೆ ಆಟೋದಲ್ಲಿ ಕಾಯುತ್ತಿದ್ದ ಮಹದೇವುಗೆ ಕಿಟಕಿಯಿಂದಲೇ ಕೈ ಎತ್ತಿ ಆಯಿತು ಅಂತ ತೋರಿಸಿ, ಮೇಡಂ ಜಾನ್ಸನ್‌ಗೆ ಫೋನ್ ಮಾಡಿದರು.

“ಜಾನ್ಸನ್, ನಿನ್ನ ಸಮಜಾಯಿಷಿ ಒಪ್ಪಿದೆ. ನಿನ್ನನ್ನೂ ಬಿಟ್ಟಾಯ್ತು. ಮಿಷನ್ನುಗಳ ತಂಟೆನೂ ನಿನಗಿಲ್ಲ.”

ಆ ಕಡೆಯಿಂದ ಮಿಕ್ಸಿ ತಿರುಗುವ ಸದ್ದು ನಿಂತಿತು. “ಥ್ಯಾಂಕ್ಸ್ ಮೇಡಂ,” ಅಂದ. “ಹಂಗಾದ್ರೆ ಇನ್ಮೇಲೆ ನೋಟಿಸ್ ಬರಲ್ವಾ?”

“ಇಲ್ಲಪ್ಪ. ಕೇಸು ಮುಗೀತು.”

“ಅಮ್ಮಂಗೆ ಏನು ಹೇಳಲಿ ಮೇಡಂ? ಅಂಚೆಯವರು ಬರೋ ದಿನ ಬೆಳಿಗ್ಗೆಯಿಂದ ಬಾಗಿಲಲ್ಲೇ ಕೂತಿರ್ತಾರೆ.”

ಸೇವೆಯಲ್ಲಿ ಇಲ್ಲದವನಿಗೆ ಸರ್ಕಾರಿ ಲಕೋಟೆಯಲ್ಲಿ ಪತ್ರ ಕಳಿಸಲು ಯಾವ ನಿಯಮದಲ್ಲೂ ಅವಕಾಶವಿಲ್ಲ. ಪ್ರೇಮಲೀಲಾ ಮೇಡಂಗಿಂತ ಚೆನ್ನಾಗಿ ಅದು ಗೊತ್ತಿದ್ದವರು ಮೈಸೂರಿನಲ್ಲೇ ಇರಲಿಲ್ಲ.

“ಏನೂ ಹೇಳಬೇಡ,” ಅಂದರು. “ಪ್ರತಿ ತಿಂಗಳೂ ಒಂದನೇ ತಾರೀಕು ಕಳಿಸ್ತೀನಿ.”